ರಾಫೆಲ್ ಲೆಮ್ಕಿನ್

ರಾಫೆಲ್ ಲೆಮ್ಕಿನ್ (ಜೂನ್ 24, 1900 – ಆಗಸ್ಟ್ 28, 1959) ಪೋಲೆಂಡ್ ಮೂಲದ ಯಹೂದಿ ನ್ಯಾಯಶಾಸ್ತ್ರಜ್ಞರು. 'ಜೆನೊಸೈಡ್' ಎಂಬ ಪದವನ್ನು ರೂಪಿಸಿದವರು ಇವರೇ. ಈ ಅಪರಾಧವನ್ನು ತಡೆಯಲು ಮತ್ತು ಶಿಕ್ಷಿಸಲು ವಿಶ್ವಸಂಸ್ಥೆಯು 1948ರಲ್ಲಿ ಅಂಗೀಕರಿಸಿದ ಒಪ್ಪಂದದ ಹಿಂದಿನ ಮುಖ್ಯ ಪ್ರೇರಕಶಕ್ತಿಯೂ ಇವರೇ ಆಗಿದ್ದರು.

ಆರಂಭಿಕ ಜೀವನ

ಲೆಮ್ಕಿನ್ ಅವರು ವೊಲ್ಕೊವಿಸ್ಕ್ ಪಟ್ಟಣದ ಸಮೀಪದ ಬೆಜ್ವೊಡ್ನೆ ಎಂಬಲ್ಲಿ ಜನಿಸಿದರು. ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಈ ಪ್ರದೇಶ ಇಂದು ಬೆಲಾರುಸ್‌ನಲ್ಲಿದೆ. ತಂದೆ ಜೋಸೆಫ್ ಕೃಷಿಕರು. ತಾಯಿ ಬೆಲ್ಲಾ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿದರು. ರೋಮನ್ನರ ಕಾಲದಲ್ಲಿ ಕ್ರೈಸ್ತರು ಅನುಭವಿಸಿದ ಹಿಂಸೆಯ ಕಥೆಗಳನ್ನು ಓದಿದ ಬಾಲಕನಿಗೆ, 1906ರಲ್ಲಿ ಸಮೀಪದ ಬಿಯಾಲಿಸ್ಟಾಕ್ ನಗರದಲ್ಲಿ ನಡೆದ ಯಹೂದಿಗಳ ಹತ್ಯೆಯ ಸುದ್ದಿಯೂ ತಲುಪಿತ್ತು.

ಲ್ವೂಫ್ ವಿಶ್ವವಿದ್ಯಾಲಯದಲ್ಲಿ ಮೊದಲು ಭಾಷಾಶಾಸ್ತ್ರವನ್ನು ಅಭ್ಯಸಿಸಿದ ಅವರು ನಂತರ ಕಾನೂನಿನ ಕಡೆಗೆ ತಿರುಗಿದರು. ಇದಕ್ಕೆ ಒಂದು ಮೊಕದ್ದಮೆ ಕಾರಣವಾಯಿತು. 1915ರಲ್ಲಿ ಆರಂಭವಾದ ಆರ್ಮೇನಿಯನ್ನರ ಸಾಮೂಹಿಕ ಹತ್ಯೆಗೆ ಹೊಣೆಗಾರನಾಗಿದ್ದ ಒಟ್ಟೊಮನ್ ಮಂತ್ರಿ ತಲಾತ್ ಪಾಷಾನನ್ನು 1921ರ ಮಾರ್ಚ್‌ನಲ್ಲಿ ಬರ್ಲಿನ್‌ನ ಬೀದಿಯಲ್ಲಿ ಸೊಗೊಮೊನ್ ತೆಹ್ಲಿರಿಯನ್ ಎಂಬ ಆರ್ಮೇನಿಯನ್ ಯುವಕ ಗುಂಡಿಕ್ಕಿ ಕೊಂದನು. ಒಬ್ಬನನ್ನು ಕೊಂದವನ ವಿಚಾರಣೆ ನಡೆಯಿತು. ಆದರೆ ಒಂದು ಜನಾಂಗವನ್ನೇ ಕೊಲ್ಲಿಸಿದವನನ್ನು ಬಂಧಿಸಲು ಯಾವ ಕಾನೂನಿಗೂ ಅಧಿಕಾರವಿರಲಿಲ್ಲ. ಕೋಳಿ ಸಾಕಿದವನು ತನ್ನ ಕೋಳಿಗಳನ್ನು ಕೊಂದರೆ ಹೇಗೆ ಹೊರಗಿನವರು ಕೇಳುವಂತಿಲ್ಲವೋ ಸಾರ್ವಭೌಮ ರಾಷ್ಟ್ರದ ವಿಷಯವೂ ಹಾಗೆಯೇ ಎಂದು ಪ್ರಾಧ್ಯಾಪಕರೊಬ್ಬರು ವಿವರಿಸಿದ್ದನ್ನು ಲೆಮ್ಕಿನ್ ಆತ್ಮಕಥೆಯಲ್ಲಿ ನೆನೆದಿದ್ದಾರೆ. ಮುಂದಿನ ಅವರ ಜೀವನವೆಲ್ಲ ಈ ವಾದಕ್ಕೆ ನೀಡಿದ ಉತ್ತರವೆನ್ನಬಹುದು.

ಮ್ಯಾಡ್ರಿಡ್ ಪ್ರಸ್ತಾವ

ವಾರ್ಸಾದಲ್ಲಿ ಸರ್ಕಾರಿ ಅಭಿಯೋಜಕರಾಗಿದ್ದ ಲೆಮ್ಕಿನ್, 1933ರ ಅಕ್ಟೋಬರ್‌ನಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದ ದಂಡಸಂಹಿತೆ ಏಕೀಕರಣ ಸಮ್ಮೇಳನಕ್ಕೆ ಒಂದು ಪ್ರಬಂಧವನ್ನು ಸಿದ್ಧಪಡಿಸಿದರು. ಯಾವುದೇ ಜನಾಂಗೀಯ ಅಥವಾ ಧಾರ್ಮಿಕ ಸಮುದಾಯದ ಮೇಲೆ ನಡೆಸುವ ದಾಳಿಯನ್ನು 'ಬರ್ಬರತೆ' ಎಂದೂ, ಆ ಸಮುದಾಯದ ಕಲೆ ಮತ್ತು ಸಂಸ್ಕೃತಿಯ ನಾಶವನ್ನು 'ವಿಧ್ವಂಸಕತೆ' ಎಂದೂ ಕರೆದು, ಎರಡನ್ನೂ ಅಂತರರಾಷ್ಟ್ರೀಯ ಅಪರಾಧಗಳೆಂದು ಘೋಷಿಸಬೇಕೆಂಬುದು ಅವರ ಸಲಹೆಯಾಗಿತ್ತು. ಹಿಟ್ಲರ್ ಅಧಿಕಾರಕ್ಕೆ ಬಂದು ಆಗಿನ್ನೂ ಒಂಬತ್ತು ತಿಂಗಳಾಗಿತ್ತು. ಜರ್ಮನಿಯೊಂದಿಗೆ ಸೌಹಾರ್ದವನ್ನು ಬಯಸುತ್ತಿದ್ದ ಪೋಲೆಂಡ್ ಸರ್ಕಾರವು ಲೆಮ್ಕಿನ್ ಅವರನ್ನು ಸಮ್ಮೇಳನಕ್ಕೆ ಹೋಗಗೊಡಲಿಲ್ಲ, ಪ್ರಸ್ತಾವವೂ ಅಂಗೀಕಾರವಾಗಲಿಲ್ಲ. ಮರುವರ್ಷ ಅವರು ಹುದ್ದೆಯನ್ನು ತೊರೆಯಬೇಕಾಯಿತು.

ಪಲಾಯನ ಮತ್ತು ಗ್ರಂಥರಚನೆ

1939ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಪೋಲೆಂಡ್ ಮೇಲೆ ಆಕ್ರಮಣ ಮಾಡಿದಾಗ ಲೆಮ್ಕಿನ್ ವಾರ್ಸಾವನ್ನು ಬಿಟ್ಟು ಹೊರಟರು. ದಾರಿಯಲ್ಲಿ ತಂದೆತಾಯಿಯರನ್ನು ಕೊನೆಯ ಬಾರಿಗೆ ಕಂಡರು; ಅವರು ಊರು ಬಿಡಲು ಒಪ್ಪಲಿಲ್ಲ. ಲಿಥುವೇನಿಯಾದ ಮೂಲಕ ಸ್ವೀಡನ್ ಸೇರಿದ ಲೆಮ್ಕಿನ್, ಸ್ಟಾಕ್‌ಹೋಮ್‌ನಲ್ಲಿ ಕುಳಿತು ನಾಜಿ ಆಡಳಿತವು ಆಕ್ರಮಿತ ದೇಶಗಳಲ್ಲಿ ಹೊರಡಿಸುತ್ತಿದ್ದ ಆದೇಶಗಳನ್ನು ಸಂಗ್ರಹಿಸತೊಡಗಿದರು. ಅವೆಲ್ಲವೂ ಬಹಿರಂಗವಾಗಿ ಮುದ್ರಿತವಾದ ಸರ್ಕಾರಿ ಕಾಗದಗಳೇ. ನೋಂದಣಿ, ಆಸ್ತಿಯ ಮುಟ್ಟುಗೋಲು, ವಿವಾಹ ನಿರ್ಬಂಧ, ಪಡಿತರದಲ್ಲಿ ತಾರತಮ್ಯ ಇವುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಕೇವಲ ಆಡಳಿತದ ಕ್ರಮಗಳಂತೆ ತೋರುತ್ತಿದ್ದವು. ಒಟ್ಟಿಗೆ ಇಟ್ಟಾಗ ಮಾತ್ರ ಒಂದು ಯೋಜನೆ ಕಾಣಿಸುತ್ತಿತ್ತು. ಆ ಕಾಗದಗಳೊಂದಿಗೆ ಅವರು ಸೋವಿಯತ್ ಒಕ್ಕೂಟ ಮತ್ತು ಜಪಾನ್ ಮಾರ್ಗವಾಗಿ 1941ರಲ್ಲಿ ಅಮೆರಿಕವನ್ನು ತಲುಪಿ ಡ್ಯೂಕ್ ವಿಶ್ವವಿದ್ಯಾಲಯವನ್ನು ಸೇರಿದರು.

ಈ ಸಂಗ್ರಹದ ಆಧಾರದ ಮೇಲೆ ಬರೆದ 'ಆಕ್ಸಿಸ್ ರೂಲ್ ಇನ್ ಆಕ್ಯುಪೈಡ್ ಯುರೋಪ್' ಗ್ರಂಥವು 1944ರಲ್ಲಿ ಪ್ರಕಟವಾಯಿತು. ಅದರಲ್ಲಿಯೇ 'ಜೆನೊಸೈಡ್' ಎಂಬ ಪದವು ಮೊದಲು ಮುದ್ರಿತವಾಯಿತು. ಗ್ರೀಕ್‌ನ 'ಗೆನೋಸ್' (ಕುಲ, ಜನಾಂಗ) ಹಾಗೂ ಕೊಲ್ಲುವುದನ್ನು ಸೂಚಿಸುವ ಲ್ಯಾಟಿನ್ ಧಾತುಗಳಿಂದ ಇದು ರಚಿತವಾಗಿದೆ. 'ಗೆನೋಸ್' ಮತ್ತು ಸಂಸ್ಕೃತದ 'ಜನ' ಒಂದೇ ಮೂಲದಿಂದ ಬಂದವು. ಕನ್ನಡ ಪತ್ರಿಕೆಗಳಲ್ಲಿ ಬಳಕೆಯಲ್ಲಿರುವ 'ನರಮೇಧ' ಯಾವುದೇ ದೊಡ್ಡ ಹತ್ಯಾಕಾಂಡಕ್ಕೂ ಅನ್ವಯವಾಗುವುದರಿಂದ, ಲೆಮ್ಕಿನ್ ಅವರ ಅರ್ಥಕ್ಕೆ 'ಜನಾಂಗಹತ್ಯೆ' ಎಂಬುದೇ ಹೆಚ್ಚು ಸಮೀಪ.

ಲೆಮ್ಕಿನ್ ಅವರ ಪ್ರಕಾರ ಜನಾಂಗಹತ್ಯೆಯು ಉದ್ರೇಕದ ಗಳಿಗೆಯಲ್ಲಿ ಸಿಡಿಯುವ ಗಲಭೆಯಲ್ಲ. ಮೊದಲು ಪೀಡಿತ ಸಮುದಾಯದ ಜೀವನಕ್ರಮವನ್ನು ಒಡೆಯಲಾಗುತ್ತದೆ. ಬಳಿಕ ಪೀಡಕರ ಜೀವನಕ್ರಮವನ್ನು ಅಲ್ಲಿ ಹೇರಲಾಗುತ್ತದೆ. ರಾಜಕೀಯ, ಸಾಮಾಜಿಕ, ಸಾಂಸ್ಕೃತಿಕ, ಆರ್ಥಿಕ, ಜೈವಿಕ, ದೈಹಿಕ, ಧಾರ್ಮಿಕ, ನೈತಿಕ ಎಂಬ ಎಂಟು ಕ್ಷೇತ್ರಗಳಲ್ಲಿ ಇದು ನಡೆಯುವ ಬಗೆಯನ್ನು ಅವರು ವಿವರಿಸಿದರು. ಕೊಲೆ ಅವುಗಳಲ್ಲಿ ಒಂದು ವಿಧಾನ ಮಾತ್ರ.

ನ್ಯೂರೆಂಬರ್ಗ್‌ನಿಂದ ಪ್ಯಾರಿಸ್‌ವರೆಗೆ

ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅವರು ಅಮೆರಿಕದ ಮುಖ್ಯ ಅಭಿಯೋಜಕ ರಾಬರ್ಟ್ ಜಾಕ್ಸನ್ ಅವರ ತಂಡಕ್ಕೆ ಸಲಹೆಗಾರರಾಗಿದ್ದರು. ಹೊಸ ಪದವು ಆರೋಪಪಟ್ಟಿಯಲ್ಲಿ ಸೇರಿದರೂ 1946ರ ತೀರ್ಪಿನಲ್ಲಿ ಕಾಣಿಸಲಿಲ್ಲ. ಯುದ್ಧಕ್ಕೆ ಮುನ್ನ ಜರ್ಮನಿಯು ತನ್ನದೇ ಪ್ರಜೆಗಳ ಮೇಲೆ ಎಸಗಿದ ಕೃತ್ಯಗಳನ್ನು ನ್ಯಾಯಾಲಯ ಪರಿಗಣಿಸಲಿಲ್ಲ. ಅಂದರೆ ಕೋಳಿ ಸಾಕಿದವನ ವಾದವು ಅಲ್ಲಿಯೂ ಅರ್ಧ ಉಳಿದುಕೊಂಡಿತು. ತಂದೆತಾಯಿಯರೂ ಸೇರಿದಂತೆ ತಮ್ಮ ಕುಟುಂಬದ 49 ಮಂದಿ ಹತರಾಗಿದ್ದಾರೆಂಬುದು ಲೆಮ್ಕಿನ್ ಅವರಿಗೆ ತಿಳಿದದ್ದು ಯುದ್ಧಾನಂತರದ ಈ ಅವಧಿಯಲ್ಲಿಯೇ. ಸಹೋದರ ಎಲಿಯಾಸ್, ಅವರ ಪತ್ನಿ ಮತ್ತು ಇಬ್ಬರು ಮಕ್ಕಳು ಮಾತ್ರ ಬದುಕುಳಿದಿದ್ದರು.

ತೀರ್ಪಿನಿಂದ ನಿರಾಶರಾದ ಅವರು ನೇರವಾಗಿ ವಿಶ್ವಸಂಸ್ಥೆಯ ಬಾಗಿಲನ್ನು ತಟ್ಟಿದರು. ಯಾವ ದೇಶದ ಪ್ರತಿನಿಧಿಯೂ ಆಗಿರದ ಈ ವ್ಯಕ್ತಿ ಕೈಚೀಲದಲ್ಲಿ ಕಾಗದಗಳನ್ನು ತುಂಬಿಕೊಂಡು ರಾಯಭಾರಿಗಳನ್ನೂ ಪತ್ರಕರ್ತರನ್ನೂ ಕಾಡುತ್ತಿದ್ದರು. ಮೊದಲ ನಿರ್ಣಯವನ್ನು ಮಂಡಿಸಲು ಮುಂದೆ ಬಂದವು ಕ್ಯೂಬಾ, ಪನಾಮ ಮತ್ತು ಭಾರತ. ಭಾರತದ ನಿಯೋಗಕ್ಕೆ ವಿಜಯಲಕ್ಷ್ಮಿ ಪಂಡಿತ್ ನಾಯಕಿಯಾಗಿದ್ದರು. ಜನಾಂಗಹತ್ಯೆಯು ಅಂತರರಾಷ್ಟ್ರೀಯ ಅಪರಾಧವೆಂದು ಸಾರಿದ ಈ ನಿರ್ಣಯವು 1946ರ ಡಿಸೆಂಬರ್ 11ರಂದು ಅಂಗೀಕಾರವಾಯಿತು. ಎರಡು ವರ್ಷಗಳ ನಂತರ, 1948ರ ಡಿಸೆಂಬರ್ 9ರಂದು, ಮಹಾಸಭೆಯು ಪ್ಯಾರಿಸ್‌ನಲ್ಲಿ ಒಪ್ಪಂದವನ್ನು ಸರ್ವಾನುಮತದಿಂದ ಅಂಗೀಕರಿಸಿತು. 1951ರ ಜನವರಿ 12ರಂದು ಅದು ಜಾರಿಗೆ ಬಂದಿತು.

ಒಪ್ಪಂದದ ಮಿತಿಗಳು

ರಾಷ್ಟ್ರಗಳ ಒಪ್ಪಿಗೆಗಾಗಿ ಕರಡಿನಿಂದ ಹಲವು ಅಂಶಗಳನ್ನು ಕೈಬಿಡಲಾಯಿತು. ಸೋವಿಯತ್ ಒಕ್ಕೂಟ ಮತ್ತಿತರ ದೇಶಗಳ ವಿರೋಧದಿಂದ ರಾಜಕೀಯ ಗುಂಪುಗಳಿಗೆ ರಕ್ಷಣೆ ದೊರೆಯಲಿಲ್ಲ. ಲೆಮ್ಕಿನ್ ಅವರಿಗೆ ಅತ್ಯಂತ ಪ್ರಿಯವಾಗಿದ್ದ ಸಾಂಸ್ಕೃತಿಕ ನಾಶದ ಕಲಮೂ ಹೋಯಿತು. ತಡೆಯುವ ಕರ್ತವ್ಯವನ್ನು ಮೊದಲ ವಿಧಿಯೇ ಹೇಳುತ್ತದೆಯಾದರೂ, ಯಾರು, ಯಾವಾಗ, ಯಾವ ಬಲದಿಂದ ತಡೆಯಬೇಕೆಂಬುದನ್ನು ಅದು ನಿಗದಿಪಡಿಸಲಿಲ್ಲ. ಇದರ ಪರಿಣಾಮವು 1994ರಲ್ಲಿ ರುವಾಂಡಾದಲ್ಲಿ ಕಂಡುಬಂದಿತು. ಶಸ್ತ್ರಾಸ್ತ್ರ ಸಂಗ್ರಹದ ಬಗ್ಗೆ ಶಾಂತಿಪಾಲನಾ ಪಡೆಯ ದಂಡನಾಯಕ ರೋಮಿಯೊ ಡಲ್ಲೇರ್ ಜನವರಿಯಲ್ಲಿಯೇ ಎಚ್ಚರಿಸಿದ್ದರು. ಏಪ್ರಿಲ್‌ನಲ್ಲಿ ಹತ್ಯೆಗಳು ಆರಂಭವಾದ ಮೇಲೆ ಭದ್ರತಾ ಮಂಡಳಿಯು ಪಡೆಯನ್ನು 270 ಮಂದಿಗೆ ಇಳಿಸಲು ನಿರ್ಧರಿಸಿತು. ಒಪ್ಪಂದದ ಹೊಣೆ ಮೈಮೇಲೆ ಬಂದೀತೆಂಬ ಅಳುಕಿನಿಂದ ಅಮೆರಿಕದ ಅಧಿಕಾರಿಗಳು ವಾರಗಟ್ಟಲೆ ಲೆಮ್ಕಿನ್ ಅವರ ಪದವನ್ನು ಬಳಸದೆ ಜಾರಿಕೊಂಡರು. ಸುಮಾರು 100 ದಿನಗಳಲ್ಲಿ ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ 8 ಲಕ್ಷವೆಂದು ಅಂದಾಜಿಸಲಾಗುತ್ತದೆ. ಜನಾಂಗಹತ್ಯೆಗಾಗಿ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ವಿಚಾರಣೆ ನಡೆಸಿ ನೀಡಿದ ಮೊದಲ ತೀರ್ಪು ರುವಾಂಡಾದ ಜ್ಯಾನ್ ಪಾಲ್ ಅಕಾಯೆಸು ವಿರುದ್ಧ, 1998ರಲ್ಲಿ ಬಂದಿತು.

ಕೊನೆಯ ದಿನಗಳು

ನೊಬೆಲ್ ಶಾಂತಿ ಪ್ರಶಸ್ತಿಗೆ ಲೆಮ್ಕಿನ್ ಅವರ ಹೆಸರು ಹಲವು ಬಾರಿ ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. ಅವಿವಾಹಿತರಾಗಿದ್ದ ಅವರು ಕೊನೆಯ ವರ್ಷಗಳನ್ನು ನ್ಯೂಯಾರ್ಕ್‌ನಲ್ಲಿ ಬಡತನದಲ್ಲಿ ಕಳೆದರು. ಭಾರತವು ಒಪ್ಪಂದವನ್ನು ಸ್ಥಿರೀಕರಿಸಿದ್ದು 1959ರ ಆಗಸ್ಟ್ 27ರಂದು. ಮರುದಿನ ಲೆಮ್ಕಿನ್ ಹೃದಯಾಘಾತದಿಂದ ನಿಧನರಾದರು. ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನ ಮಾತ್ರ ಬಂದಿದ್ದರು. ಅವರಿಗೆ ಆಶ್ರಯ ನೀಡಿದ ಅಮೆರಿಕ ಸ್ಥಿರೀಕರಣವನ್ನು ಪೂರ್ಣಗೊಳಿಸಿದ್ದು 1988ರಲ್ಲಿ. ಅವರು ಬರೆಯುತ್ತಿದ್ದ ಜನಾಂಗಹತ್ಯೆಯ ಜಾಗತಿಕ ಇತಿಹಾಸವು ಅಪೂರ್ಣವಾಗಿಯೇ ಉಳಿಯಿತು. ಆತ್ಮಕಥೆ 'ಟೋಟಲಿ ಅನ್‌ಅಫೀಶಿಯಲ್' ಪ್ರಕಟವಾದದ್ದು 2013ರಲ್ಲಿ.