ಸ್ವಾಮಿ ರಮಾನಂದ ತೀರ್ಥರು

ಶಹಾಪುರ, ಸುರಪುರ, ಯಾದಗಿರಿಗಳ ನಾಡು 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು. ಕನ್ನಡವೊಂದನ್ನೇ ಬಲ್ಲ ರೈತನಿಗೆ ತನ್ನ ಕೈಗೆ ಬಂದ ಹುಕುಮಿನಲ್ಲಿ ಏನಿದೆಯೆಂಬುದೂ ತಿಳಿಯುತ್ತಿರಲಿಲ್ಲ. ಅಧಿಕಾರಿಗಳು ಸವಾರಿ ಬಂದರೆ ಬಡವರು ಬಿಟ್ಟಿ ಚಾಕರಿ ಮಾಡಬೇಕಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಧಾನ್ಯದ ಲೆವಿಯೂ ಇದಕ್ಕೆ ಸೇರಿತು. ಬಲಿಷ್ಠರು ಅಧಿಕಾರಿಗಳನ್ನು ಒಲಿಸಿಕೊಂಡು ಪಾರಾಗುತ್ತಿದ್ದರು. ಬರಿದಾಗುತ್ತಿದ್ದುದು ಬಡ ರೈತನ ಹಗೇವು. ಈ ಅನ್ಯಾಯವನ್ನು ಹೇಳಿಕೊಳ್ಳಲು ಸಭೆ ಸೇರುವುದಕ್ಕೂ ಸರ್ಕಾರದ ಅಪ್ಪಣೆ ಬೇಕಾಗಿತ್ತು. ಇಂತಹ ಜನರಲ್ಲಿ ಎದುರು ನಿಲ್ಲುವ ಧೈರ್ಯವನ್ನು ತುಂಬಿದವರಲ್ಲಿ ಸ್ವಾಮಿ ರಮಾನಂದ ತೀರ್ಥರು ಅಗ್ರಗಣ್ಯರು.

ಪೂರ್ವಾಶ್ರಮದಲ್ಲಿ ಅವರ ಹೆಸರು ವೆಂಕಟೇಶ ಖೇಡಗೀಕರ. 1903ರ ಅಕ್ಟೋಬರ್ 3ರಂದು ಜನಿಸಿದರು. 1920ರಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡಾಗ, ಇನ್ನೂ ವಿದ್ಯಾರ್ಥಿಯಾಗಿದ್ದ ಅವರು ಬ್ರಹ್ಮಚಾರಿಯಾಗಿದ್ದು ದೇಶಸೇವೆ ಮಾಡುವ ಸಂಕಲ್ಪ ತೊಟ್ಟರು. ಕೆಲಕಾಲ ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ದುಡಿದು, ಅನಂತರ ಹಿಪ್ಪರಗಾದಲ್ಲಿ ಉಪಾಧ್ಯಾಯರಾದರು. ಮುಂದೆ ಸಂನ್ಯಾಸ ಸ್ವೀಕರಿಸಿದರು. ಕಾವಿಯುಟ್ಟವರು ಮಠ ಸೇರಲಿಲ್ಲ. ಮಕ್ಕಳಿಗೆ ಪಾಠ ಹೇಳುವುದನ್ನೇ ಮುಂದುವರಿಸಿದರು.

ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸಿನ ಮೇಲೆ 1938ರಲ್ಲಿ, ಅದು ಸ್ಥಾಪನೆಯಾಗುವ ಮೊದಲೇ, ನಿಷೇಧ ಬಿದ್ದಿತು. ಸ್ವಾಮಿಗಳು ಸತ್ಯಾಗ್ರಹ ಹೂಡಿ ಸೆರೆಮನೆಗೆ ಹೋದರು. 1946ರಲ್ಲಿ ನಿಷೇಧ ತೆರವಾಯಿತು; ಅವರು ಸಂಸ್ಥೆಯ ಅಧ್ಯಕ್ಷರಾದರು. ಮರುವರ್ಷ ಭಾರತ ಸ್ವತಂತ್ರವಾದರೂ ನಿಜಾಮರು ಒಕ್ಕೂಟಕ್ಕೆ ಸೇರಲೊಪ್ಪಲಿಲ್ಲ. ಸ್ವಾಮಿಗಳು ಮತ್ತೆ ಬಂಧಿತರಾದರು. ಆದರೆ ಹೋರಾಟ ಆಗಲೇ ಹಳ್ಳಿಗಳನ್ನು ಹೊಕ್ಕಿತ್ತು. ರೈತರು ಲೆವಿ ಕೊಡಲು ನಿರಾಕರಿಸಿದರು. ಸರ್ಕಾರಕ್ಕೆ ಅಬಕಾರಿ ವರಮಾನ ತರುತ್ತಿದ್ದ ಸಿಂದಿಯ ಮರಗಳನ್ನು ಕಡಿದು ಕೆಡವಿದರು. ಸುಂಕದ ನಾಕೆಗಳ ಮೇಲೆ ದಾಳಿಗಳು ನಡೆದವು. ಇದು ಸಣ್ಣ ಸಾಹಸವಲ್ಲ. ಲೆವಿ ನಿರಾಕರಿಸಿದ ಊರಿಗೆ ಆ ರಾತ್ರಿಯೇ ರಜಾಕಾರರು ನುಗ್ಗಬಹುದಾಗಿತ್ತು. ಎಲ್ಲರೂ ಅಹಿಂಸೆಯನ್ನೇ ಪಾಲಿಸಿದರೆಂದೂ ಹೇಳುವಂತಿಲ್ಲ. ಗಡಿ ಶಿಬಿರಗಳಲ್ಲಿದ್ದ ತರುಣರು ಶಸ್ತ್ರ ಹಿಡಿದುದುಂಟು. ಹೋರಾಟ ಒಂದು ಮತದವರದೂ ಆಗಿರಲಿಲ್ಲ. ರಜಾಕಾರರನ್ನು ಖಂಡಿಸಿ ಬರೆದ ಪತ್ರಿಕಾ ಸಂಪಾದಕ ಶೋಯಬುಲ್ಲಾ ಖಾನರು 1948ರ ಆಗಸ್ಟಿನಲ್ಲಿ ಹತ್ಯೆಗೀಡಾದರು.

ಅದೇ ವರ್ಷದ ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಸ್ವಾಮಿಗಳು ಸೆರೆಯಿಂದ ಹೊರಬಂದರು. 1949ರಲ್ಲಿ ಜಾಗೀರುಗಳು ರದ್ದಾದವು. 1952ರಲ್ಲಿ ಗುಲಬರ್ಗಾ ಕ್ಷೇತ್ರದ ಜನ ಅವರನ್ನು ಲೋಕಸಭೆಗೆ ಕಳುಹಿಸಿದರು. ಮಂತ್ರಿಪದವಿಯನ್ನು ಅವರು ಹಿಡಿಯಲಿಲ್ಲ. ಭಾಷೆಗನುಗುಣವಾಗಿ ಸಂಸ್ಥಾನವನ್ನು ವಿಂಗಡಿಸಬೇಕೆಂದು ವಾದಿಸಿದರು. 1956ರ ನವೆಂಬರ್ 1ರಂದು ಶಹಾಪುರ ಸೀಮೆ ಮೈಸೂರು ರಾಜ್ಯವನ್ನು ಸೇರಿತು. 1972ರ ಜನವರಿ 22ರಂದು ಸ್ವಾಮಿಗಳು ದೇಹವನ್ನು ಬಿಟ್ಟರು. ಹೈದರಾಬಾದಿನ ಬೇಗಂಪೇಟೆಯಲ್ಲಿ ಅವರ ಸಮಾಧಿಯಿದೆ.