ಒಟ್ಟೊ ವಾನ್ ಬಿಸ್ಮಾರ್ಕ್

ಒಟ್ಟೊ ವಾನ್ ಬಿಸ್ಮಾರ್ಕ್ (1 ಏಪ್ರಿಲ್ 1815 – 30 ಜುಲೈ 1898) ಪ್ರಷ್ಯದ ರಾಜನೀತಿಜ್ಞ ಮತ್ತು ಏಕೀಕೃತ ಜರ್ಮನಿಯ ಮೊದಲ ಚಾನ್ಸಲರ್. ಯುದ್ಧಗಳ ಮೂಲಕ ಜರ್ಮನಿಯನ್ನು ಒಂದುಗೂಡಿಸಿದವನೆಂದು ಈತ ಪ್ರಸಿದ್ಧ. ದುಡಿಯುವ ಜನರಿಗೆ ರಾಷ್ಟ್ರವ್ಯಾಪಿ ಕಡ್ಡಾಯ ಆರೋಗ್ಯ ವಿಮೆಯನ್ನು ಜಗತ್ತಿನಲ್ಲಿ ಮೊದಲು ಜಾರಿಗೆ ತಂದದ್ದೂ ಈತನ ಸರ್ಕಾರವೇ.

ಆರಂಭಿಕ ಜೀವನ

ಬಿಸ್ಮಾರ್ಕ್ ಷೋನ್‌ಹೌಸೆನ್‌ನ ಜಮೀನುದಾರ ಮನೆತನದಲ್ಲಿ ಜನಿಸಿದ. ಗಟಿಂಗೆನ್ ಮತ್ತು ಬರ್ಲಿನ್‌ಗಳಲ್ಲಿ ಕಾನೂನು ಓದಿದ. 1847ರಲ್ಲಿ ಯೊಹಾನ ವಾನ್ ಪುಟ್‌ಕಾಮರ್‌ಳನ್ನು ವಿವಾಹವಾದ. ಫ್ರಾಂಕ್‌ಫರ್ಟ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಪ್ಯಾರಿಸ್‌ಗಳಲ್ಲಿ ರಾಯಭಾರಿಯಾಗಿದ್ದು, 1862ರಲ್ಲಿ ಪ್ರಷ್ಯದ ಪ್ರಧಾನಮಂತ್ರಿಯಾದ. ಡೆನ್ಮಾರ್ಕ್ (1864), ಆಸ್ಟ್ರಿಯ (1866) ಮತ್ತು ಫ್ರಾನ್ಸ್ (1870–71) ವಿರುದ್ಧದ ಯುದ್ಧಗಳ ಫಲವಾಗಿ 1871ರ ಜನವರಿ 18ರಂದು ವರ್ಸೇಲ್ಸ್‌ನಲ್ಲಿ ಜರ್ಮನ್ ಸಾಮ್ರಾಜ್ಯ ಘೋಷಿತವಾಯಿತು.

ಕಾರ್ಮಿಕ ವಿಮೆಯ ಹಿನ್ನೆಲೆ

ಕೈಗಾರಿಕೆಗಳು ಬೆಳೆದಂತೆ ಗಾಯಾಳು ಕಾರ್ಮಿಕರ ಸಂಖ್ಯೆಯೂ ಬೆಳೆಯಿತು. 1871ರ ಹೊಣೆಗಾರಿಕೆ ಕಾಯಿದೆಯಂತೆ ಕಾರ್ಖಾನೆಯಲ್ಲಿ ಕೈ ಕಳೆದುಕೊಂಡವನು ಪರಿಹಾರ ಪಡೆಯಬೇಕಾದರೆ ಮಾಲೀಕನ ಕಡೆಯವರ ತಪ್ಪನ್ನು ತಾನೇ ಸಾಬೀತುಪಡಿಸಬೇಕಿತ್ತು. ಬಹುತೇಕರಿಗೆ ಅದು ಅಸಾಧ್ಯವಾಗಿದ್ದು, ಬಡವರ ನಿಧಿಯೇ ಗತಿಯಾಗುತ್ತಿತ್ತು.

ಬಿಸ್ಮಾರ್ಕನನ್ನು ಪ್ರೇರಿಸಿದ್ದು ಕರುಣೆಯೊಂದೇ ಅಲ್ಲ. ಚಕ್ರವರ್ತಿಯ ಮೇಲೆ ನಡೆದ ಎರಡು ಹತ್ಯಾ ಪ್ರಯತ್ನಗಳ ಅನಂತರ 1878ರಲ್ಲಿ ಈತ ಸಮಾಜವಾದಿ ಸಂಘಟನೆಗಳನ್ನು ನಿಷೇಧಿಸಿದ್ದ. ಕಾರ್ಮಿಕರು ಪ್ರಭುತ್ವದ ಋಣದಲ್ಲಿದ್ದರೆ ಸಮಾಜವಾದಿಗಳ ಕಡೆ ವಾಲುವುದಿಲ್ಲವೆಂಬುದು ಈತನ ಲೆಕ್ಕಾಚಾರ. 1881ರ ನವೆಂಬರ್ 17ರಂದು ಸಂಸತ್ತಾದ ರೈಖ್‌ಸ್ಟಾಗ್‌ನಲ್ಲಿ ಓದಲಾದ ಚಕ್ರವರ್ತಿಯ ಸಂದೇಶ ವಿಮಾ ಯೋಜನೆಗಳನ್ನು ಪ್ರಕಟಿಸಿತು.

ಮೂರು ಕಾಯಿದೆಗಳು

1883ರ ಆರೋಗ್ಯ ವಿಮಾ ಕಾಯಿದೆ ಹಳೆಯ ಕಸುಬು ಸಂಘಗಳ ಮತ್ತು ಗಣಿಗಾರರ ನಿಧಿಗಳ ಮಾದರಿಯನ್ನೇ ಬಳಸಿಕೊಂಡಿತು. ವಂತಿಗೆಯಲ್ಲಿ ಮೂರನೆಯ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಪ್ರತಿಯಾಗಿ ಉಚಿತ ವೈದ್ಯಕೀಯ ನೆರವು, ಔಷಧ ಮತ್ತು 13 ವಾರಗಳವರೆಗೆ ಅರ್ಧ ಕೂಲಿ ದೊರೆಯುತ್ತಿತ್ತು. ಕೃಷಿ ಕೂಲಿಗಳಿಗೂ ಮನೆಗೆಲಸದವರಿಗೂ ಕಡ್ಡಾಯ ವಿಮೆ ಇರಲಿಲ್ಲ. ಆರಂಭದಲ್ಲಿ ಒಳಪಟ್ಟವರು ಜನಸಂಖ್ಯೆಯ ಸುಮಾರು ಹತ್ತನೆಯ ಒಂದು ಭಾಗ ಮಾತ್ರ.

1884ರ ಅಪಘಾತ ವಿಮೆಯ ಪೂರ್ಣ ವೆಚ್ಚ ಮಾಲೀಕರದು. 14ನೆಯ ವಾರದಿಂದ ಗಾಯಾಳುವಿನ ಹೊಣೆ ಮಾಲೀಕರ ಸಂಘಗಳಿಗೆ ವರ್ಗವಾಗುತ್ತಿತ್ತು, ತಪ್ಪು ಯಾರದೆಂಬ ಪ್ರಶ್ನೆ ಏಳುತ್ತಿರಲಿಲ್ಲ. ಅಪಘಾತ ಹೆಚ್ಚಿದಷ್ಟೂ ವೆಚ್ಚ ಹೆಚ್ಚುತ್ತಿದ್ದುದರಿಂದ, ಸುರಕ್ಷತಾ ನಿಯಮಗಳನ್ನು ರೂಪಿಸುವ ಅಧಿಕಾರವನ್ನೂ ಈ ಸಂಘಗಳಿಗೆ ಕೊಡಲಾಯಿತು.

1889ರ ಅಶಕ್ತತೆ ಮತ್ತು ವೃದ್ಧಾಪ್ಯ ವಿಮೆ 185–165 ಮತಗಳಿಂದ ಪ್ರಯಾಸದಿಂದಲೇ ಅಂಗೀಕಾರವಾಯಿತು. ವೃದ್ಧಾಪ್ಯ ಪಿಂಚಣಿಗೆ 70 ವರ್ಷ ತುಂಬಬೇಕಿದ್ದುದರಿಂದ ಹೆಚ್ಚು ಜನರಿಗೆ ಒದಗಿದ್ದು ಅಶಕ್ತತಾ ಪಿಂಚಣಿಯೇ. ರೋಗಿ ಶಾಶ್ವತವಾಗಿ ದುಡಿಯಲಾರದಂತಾಗುವ ಅಪಾಯವಿದ್ದರೆ ವಿಮಾ ಸಂಸ್ಥೆ ಮುಂಚಿತವಾಗಿಯೇ ಚಿಕಿತ್ಸೆ ಕೊಡಿಸಬಹುದೆಂಬ ಅವಕಾಶ ಇದರಲ್ಲಿತ್ತು. ಹೆಚ್ಚು ಗಮನ ಸೆಳೆಯದ ಈ ಅವಕಾಶದ ಪರಿಣಾಮ ದೊಡ್ಡದು. ಯುವ ಕಾರ್ಮಿಕರನ್ನು ಅಶಕ್ತರನ್ನಾಗಿಸುತ್ತಿದ್ದ ಮುಖ್ಯ ಕಾಯಿಲೆ ಕ್ಷಯವಾಗಿತ್ತು. 1890ರ ದಶಕದಿಂದ ವಿಮಾ ಸಂಸ್ಥೆಗಳು ಈ ಹಣದಿಂದ ಕ್ಷಯರೋಗಿಗಳನ್ನು ಆರೋಗ್ಯಧಾಮಗಳಿಗೆ ಕಳುಹಿಸಿದವು. ಕೆಲವು ಸ್ವಂತ ಧಾಮಗಳನ್ನೇ ಕಟ್ಟಿಸಿದವು.

ವಿರೋಧಾಭಾಸ

ಗಾಯವಾದ ಮೇಲೆ ಪರಿಹಾರ ಕೊಡಲು ಮುಂದಾದ ಬಿಸ್ಮಾರ್ಕ್, ಗಾಯವಾಗದಂತೆ ತಡೆಯಲು ಕಾರ್ಖಾನೆಯೊಳಗೆ ಸರ್ಕಾರ ಕಾಲಿಡುವುದನ್ನು ಸಹಿಸುತ್ತಿರಲಿಲ್ಲ. ಈತನಿಗೂ ವಾರ್ಜಿನ್‌ನಲ್ಲಿ ಕಾಗದದ ಗಿರಣಿಗಳಿದ್ದವು. ಕಾರ್ಖಾನೆ ತನಿಖೆಯನ್ನು ಬಲಪಡಿಸಬೇಕೆಂದಿದ್ದ ಅಧಿಕಾರಿ ಥಿಯೊಡೋರ್ ಲೋಮನ್, ವಿಮಾ ಮಸೂದೆಗಳ ಕರಡು ರಚನೆಯಲ್ಲಿ ಬಹಳ ದುಡಿದವನಾದರೂ, 1883ರಲ್ಲಿ ಈತನಿಂದ ದೂರವಾದ. 1890ರಲ್ಲಿ ಎರಡನೆಯ ವಿಲ್ಹೆಲ್ಮ್ ಕಾರ್ಮಿಕ ರಕ್ಷಣೆಯ ಕಾನೂನು ಬಯಸಿದಾಗಲೂ ಬಿಸ್ಮಾರ್ಕ್ ಒಪ್ಪಲಿಲ್ಲ. ಪದಚ್ಯುತಿಗೆ ಕಾರಣವಾದ ಭಿನ್ನಾಭಿಪ್ರಾಯಗಳಲ್ಲಿ ಇದೂ ಒಂದು.

ರಾಜಕೀಯ ಲೆಕ್ಕಾಚಾರವೂ ಫಲಿಸಲಿಲ್ಲ. 1890ರ ಚುನಾವಣೆಯಲ್ಲಿ ಸಮಾಜವಾದಿಗಳ ಮತಗಳು ಏರಿದವು. ಮುಂದೆ ಅನೇಕ ಸ್ಥಳೀಯ ಆರೋಗ್ಯ ನಿಧಿಗಳ ಆಡಳಿತವೇ ಅವರ ಕೈಸೇರಿತು.

ಕೊನೆಯ ದಿನಗಳು

1890ರ ಮಾರ್ಚ್‌ನಲ್ಲಿ ಅಧಿಕಾರ ಕಳೆದುಕೊಂಡ ಬಿಸ್ಮಾರ್ಕ್ ಫ್ರೀಡ್ರಿಕ್ಸ್‌ರೂನಲ್ಲಿ ನೆಲೆಸಿ ನೆನಪುಗಳನ್ನು ಬರೆಸಿದ. ಆ ಗ್ರಂಥದಲ್ಲಿ ವಿಮಾ ಕಾಯಿದೆಗಳಿಗೆ ಹೆಚ್ಚುಕಡಿಮೆ ಸ್ಥಾನವೇ ಇಲ್ಲ. 1898ರಲ್ಲಿ ಅಲ್ಲಿಯೇ ತೀರಿಕೊಂಡ.