ಉತ್ತರ ಬಾರದ ಮೂರು ಪತ್ರಗಳು: ಡಾ. ಎಚ್. ನರಸಿಂಹಯ್ಯ

ನಮ್ಮ ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದು ದಾಟಿದ ಮೇಲೆ ಮೂರೇ ವಿಷಯ: ಕ್ರಿಕೆಟ್, ಪ್ಲೇಸ್‌ಮೆಂಟ್, ದೇವರು. ಮೊದಲೆರಡು ಹೇಗೋ ಮುಗಿಯುತ್ತವೆ. ಮೂರನೆಯದು ಮುಗಿಯೋದೇ ಇಲ್ಲ. ನಂಬದವರು ಒಂದು ಮಂಚದ ಮೇಲೆ, ನಂಬುವವರು ಎದುರಿನ ಮಂಚದ ಮೇಲೆ. ಎರಡು ಗಂಟೆಗೆ ಮಲಗುವಾಗ ಎಲ್ಲರೂ ಶುರುವಿನಲ್ಲಿ ಎಲ್ಲಿದ್ದರೋ ಅಲ್ಲೇ ಇರ್ತಾರೆ. ಹಾಗಾದ್ರೆ ನಾಸ್ತಿಕರು ಆಸ್ತಿಕರ ಜೊತೆ ವಾದ ಮಾಡೋದು ಯಾಕೆ? ಅದರಿಂದ ಯಾರ ಮನಸ್ಸಾದರೂ ಬದಲಾಗುತ್ತಾ?

ಈ ಪ್ರಶ್ನೆಗೆ ನಮಗೆ ಸಿಕ್ಕ ಒಳ್ಳೆಯ ಉತ್ತರ ಒಬ್ಬರ ಜೀವನ. ಡಾ. ಎಚ್. ನರಸಿಂಹಯ್ಯ, ಬೆಂಗಳೂರಿನವರ ಬಾಯಲ್ಲಿ ಎಚ್ಚೆನ್. ಬೆಂಗಳೂರಿನ ಜಯನಗರದಲ್ಲಿ ನಾಟಕ ನೋಡೋಕೆ ಹೋದವರಿಗೆ ಎಚ್.ಎನ್. ಕಲಾಕ್ಷೇತ್ರ ಗೊತ್ತಿರುತ್ತೆ. ಆ ಎಚ್.ಎನ್. ಇವರೇ.

ಅವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ತೀರಾ ಬಡ ಕುಟುಂಬ. ಊರಿನ ಶಾಲೆ ಮುಗಿದ ಮೇಲೆ ಮುಂದೆ ಓದಬೇಕು ಅಂದ್ರೆ ಬೆಂಗಳೂರಿಗೆ ಬರಬೇಕಿತ್ತು, ಬಸ್ಸಿಗೆ ದುಡ್ಡಿರಲಿಲ್ಲ. 1935ರಲ್ಲಿ ಆ ಹುಡುಗ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದ. ಸುಮಾರು 80 ಕಿಲೋಮೀಟರ್, ಎರಡು ದಿನ. ರಾಮನಗರದಿಂದ ಬೆಂಗಳೂರಿಗೆ ಟ್ರೇನಿನಲ್ಲಿ ಸೀಟು ಸಿಗದಿದ್ದರೆ ನಾವು ವಾರವಿಡೀ ಗೊಣಗುತ್ತೇವೆ, ಅದೂ ಅದರ ಅರ್ಧ ದೂರಕ್ಕೆ ಸ್ವಲ್ಪ ಜಾಸ್ತಿ ಅಷ್ಟೆ.

ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿದರು. 1936ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಾಗ ಅವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳುವ ಅವಕಾಶ ಈ ಹುಡುಗನಿಗೆ ಸಿಕ್ಕಿತು. ಆವತ್ತಿನಿಂದ ಖಾದಿ ಅವರನ್ನು ಬಿಡಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್ ಓದುತ್ತಿದ್ದಾಗ 1942ರ ಕ್ವಿಟ್ ಇಂಡಿಯಾ ಚಳವಳಿ ಬಂತು. ಓದು ಬಿಟ್ಟು ಜೈಲಿಗೆ ಹೋದರು. ಹೊರಗೆ ಬಂದು ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಲೆಕ್ಚರರ್ ಆದರು. ಆಮೇಲೆ ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಹೋಗಿ 1960ರಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಪಡೆದರು. ಅಲ್ಲೂ ತಲೆ ಮೇಲೆ ಗಾಂಧಿ ಟೋಪಿ. ವಾಪಸ್ ಬಂದು ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. ಮದುವೆ ಆಗಲಿಲ್ಲ, ಮನೆ ಕಟ್ಟಲಿಲ್ಲ. ಕಾಲೇಜಿನ ಹಾಸ್ಟೆಲ್ಲಿನ ಒಂದು ರೂಮಿನಲ್ಲೇ ಹುಡುಗರ ಜೊತೆ ಬದುಕು ಕಳೆದರು. ಉಪ್ಪಿಟ್ಟಿನ ಮೇಲೆ ಅವರಿಗಿದ್ದ ಪ್ರೀತಿ ಬೆಂಗಳೂರಿನಲ್ಲಿ ಒಂದು ಕಥೆಯೇ ಆಗಿಹೋಗಿದೆ.

ಎಚ್ಚೆನ್ ದೇವರನ್ನು ನಂಬದವರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ಅವರು ಎದುರಾದವರ ಹತ್ತಿರವೆಲ್ಲ ದೇವರು ಇಲ್ಲ ಅಂತ ಸಾಧಿಸುತ್ತಾ ಕೂತವರಲ್ಲ. ಪ್ರಶ್ನೆ ಮಾಡದೆ ಏನನ್ನೂ ಒಪ್ಪಬೇಡಿ ಅನ್ನೋದು ಅವರು ಜೀವನವಿಡೀ ವಿದ್ಯಾರ್ಥಿಗಳಿಗೆ ಹೇಳಿದ ಮಾತಿನ ಸಾರ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ದೊಡ್ಡ ದೊಡ್ಡ ವಿಜ್ಞಾನಿಗಳು ಅಲ್ಲಿಗೆ ಬಂದು ಸಾಮಾನ್ಯ ಜನರಿಗೆ ಉಪನ್ಯಾಸ ಕೊಡುತ್ತಿದ್ದರು. ಕೇಳೋಕೆ ಬರುವವರಲ್ಲಿ ಹಣೆಗೆ ವಿಭೂತಿ ಹಚ್ಚಿದವರೂ ಇರಬಹುದು, ನಾಮ ಇಟ್ಟವರೂ ಇರಬಹುದು. ಬಾಗಿಲಲ್ಲಿ ನಿಲ್ಲಿಸಿ ನೀವು ಯಾವ ಪಾರ್ಟಿ ಅಂತ ಯಾರೂ ಕೇಳುವಂತಿರಲಿಲ್ಲ.

1972ರಲ್ಲಿ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ವಿಶ್ವವಿದ್ಯಾಲಯದಿಂದ ಒಂದು ಸಮಿತಿ ರಚಿಸಿದರು. ಪವಾಡಗಳನ್ನೂ ಪರೀಕ್ಷಿಸಿ ನೋಡಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡೋದು ಅದರ ಕೆಲಸ. ಪರೀಕ್ಷಿಸಿ ನೋಡಬಹುದಾದ ಅನ್ನುವ ಮಾತನ್ನು ದಯವಿಟ್ಟು ಎರಡು ಸಲ ಓದಿ. ಇಡೀ ಕಥೆ ಅದರಲ್ಲೇ ಇದೆ. ದೇವರು ಇದ್ದಾನಾ ಅನ್ನೋದನ್ನು ಯಾವ ಲ್ಯಾಬಿನಲ್ಲೂ ಅಳೆಯೋಕೆ ಆಗಲ್ಲ. ಖಾಲಿ ಕೈಯಿಂದ ಬೂದಿ ಬಂತಾ ಅನ್ನೋದನ್ನು ಅಳೆಯಬಹುದು.

ಆಗ ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಗಾಳಿಯಿಂದ ವಿಭೂತಿ, ಉಂಗುರ ತೆಗೆದುಕೊಡುತ್ತಾರೆ ಅಂತ ದೇಶವೆಲ್ಲ ಮಾತಾಡುತ್ತಿತ್ತು. ನಾವು ಒಂದು ಲೆಕ್ಕ ಮಾಡಿ ನೋಡಿದೆವು. ಐನ್‌ಸ್ಟೈನರ ಸೂತ್ರದ ಪ್ರಕಾರ ಶಕ್ತಿಯಿಂದಲೇ ಒಂದು ಗ್ರಾಂ ಬೂದಿ ಸೃಷ್ಟಿಸಬೇಕಾದರೆ ಸುಮಾರು ಎರಡೂವರೆ ಕೋಟಿ ಯೂನಿಟ್ ಕರೆಂಟಿನಷ್ಟು ಶಕ್ತಿ ಬೇಕು. ನ್ಯೂಕ್ಲಿಯರ್ ಫಿಸಿಕ್ಸ್ ಓದಿದವರಿಗೆ ಇದು ಸುಮ್ಮನೆ ಬಿಡುವ ವಿಷಯವಾ? ಎಚ್ಚೆನ್ ಬಾಬಾ ಅವರಿಗೆ ಪತ್ರ ಬರೆದರು. ಸಮಿತಿಯ ಮುಂದೆ, ಒಪ್ಪಿಕೊಂಡ ನಿಯಮಗಳೊಳಗೆ ಪವಾಡ ತೋರಿಸಿ ಅಂತ ಕೇಳಿದರು. ಉತ್ತರ ಬರಲಿಲ್ಲ. ಎರಡನೇ ಪತ್ರ ಬರೆದರು, ಮೂರನೇ ಪತ್ರವನ್ನೂ ಬರೆದರು. ಮೂರಕ್ಕೂ ಉತ್ತರವಿಲ್ಲ. ಈ ವಿಧಾನವೇ ಸರಿಯಿಲ್ಲ, ವಿಜ್ಞಾನದ ಕೆಲಸ ಇಂದ್ರಿಯಗಳಿಗೆ ಸಿಗುವುದರ ಮಟ್ಟಿಗೆ, ಅಧ್ಯಾತ್ಮ ಅದನ್ನು ಮೀರಿದ್ದು ಅನ್ನೋದು ಬಾಬಾ ಅವರ ನಿಲುವಾಗಿತ್ತು. ಪತ್ರಿಕೆಗಳಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆಯಿತು, ಪರವಾಗಿಯೂ, ವಿರುದ್ಧವಾಗಿಯೂ.

ಅದೇ ವರ್ಷ ಪಾಂಡವಪುರದಲ್ಲಿ ಒಬ್ಬ ಪುಟ್ಟ ಹುಡುಗ ವಿಭೂತಿ ಸೃಷ್ಟಿಸುತ್ತಾನೆ ಅಂತ ಜನ ಸೇರುತ್ತಿದ್ದರು. ಸಮಿತಿಯವರು ಹೋಗಿ ನೋಡಿದರು. ಬೂದಿ ಬರುತ್ತಿದ್ದದ್ದು ಗಾಳಿಯಿಂದಲ್ಲ, ಬಟ್ಟೆಯೊಳಗೆ ಬಚ್ಚಿಟ್ಟ ಜಾಗದಿಂದ. ನಮಗೆ ಇಲ್ಲಿ ಮುಖ್ಯ ಅನಿಸಿದ್ದು ಬೂದಿ ಅಲ್ಲ, ಆ ಮಗು. ಶಾಲೆಗೆ ಹೋಗುವ ವಯಸ್ಸಿನ ಹುಡುಗನನ್ನು ದೊಡ್ಡವರು ದೇವರು ಮಾಡಿ ಕೂರಿಸಿದ್ದರು. ಯಾರೂ ಹೋಗಿ ಕೇಳದಿದ್ದರೆ ಅವನು ಇನ್ನೆಷ್ಟು ವರ್ಷ ಹಾಗೆ ಕೂರಬೇಕಿತ್ತು?

ಕೊನೆಗೆ ಏನಾಯ್ತು? 1977ರಲ್ಲಿ ಎಚ್ಚೆನ್ ಅವರ ಕುಲಪತಿ ಅವಧಿ ಮುಗಿಯಿತು, ಸಮಿತಿಯೂ ಮುಗಿಯಿತು. ಬಾಬಾ ಅವರ ಭಕ್ತರು ಕಡಿಮೆ ಆಗಲಿಲ್ಲ, ಹೆಚ್ಚಾದರು. ಅನಂತಪುರ ಜಿಲ್ಲೆಯ ಹಳ್ಳಿಗಳಿಗೆ ಅವರ ಟ್ರಸ್ಟ್ ಕುಡಿಯುವ ನೀರು ಕೊಟ್ಟಿತು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ 2001ರಲ್ಲಿ ಶುರುವಾದ ಆಸ್ಪತ್ರೆಯಲ್ಲಿ ಬಡವರಿಗೆ ಉಚಿತವಾಗಿ ಆಪರೇಷನ್ ಮಾಡ್ತಾರೆ. 2011ರಲ್ಲಿ ಬಾಬಾ ತೀರಿಕೊಂಡಾಗ ದೇಶದ ಪ್ರಧಾನಿಯೇ ಬಂದು ನಮಸ್ಕಾರ ಮಾಡಿದರು. ಭಕ್ತರನ್ನು ಕೇಳಿದರೆ ಉಂಗುರದ ಮಾತಿಗಿಂತ ಮೊದಲು ನೀರು, ಆಸ್ಪತ್ರೆ ತೋರಿಸ್ತಾರೆ. ಅದು ನಿಜವಾದ ಕೆಲಸ, ಅದನ್ನು ಇಲ್ಲ ಅನ್ನೋಕಾಗಲ್ಲ. ಆದರೆ ಕೈಯಿಂದ ಬೂದಿ ಬಂತಾ ಅನ್ನುವ ಪ್ರಶ್ನೆಗೆ ಆಸ್ಪತ್ರೆ ಉತ್ತರ ಅಲ್ಲ. ಸ್ಕೋರ್ ಮಾತ್ರ ನೋಡಿದರೆ ಎಚ್ಚೆನ್ ಸೋತರು ಅಂತಲೇ ಬರೆಯಬೇಕು. ಹಾಗೆ ಬರೆಯೋಕೆ ನಮಗೆ ಮನಸ್ಸು ಬರಲ್ಲ. ಯಾಕೆ ಅಂತ ಹೇಳೋಕೆ ಸ್ವಲ್ಪ ನಮ್ಮೂರಿಗೆ ಬರಬೇಕು.

ನಮ್ಮಲ್ಲಿ ಇಬ್ಬರು ರಾಮನಗರ ತಾಲ್ಲೂಕಿನ ಕೈಲಾಂಚದ ಕಡೆಯವರು. ನಮ್ಮ ಕಡೆ ಊರಹಬ್ಬಗಳಲ್ಲಿ ಕೊಂಡ ಹಾಯುವುದು ಇದೆ. ನಿಗಿನಿಗಿ ಕೆಂಡದ ಮೇಲೆ ಬರಿಗಾಲಲ್ಲಿ ನಡೆದು ಹೋಗ್ತಾರೆ. ಹೀಟ್ ಟ್ರಾನ್ಸ್‌ಫರ್ ಓದಿದವರಿಗೆ ಇದರ ವಿವರಣೆ ಕಷ್ಟ ಅಲ್ಲ. ಇದ್ದಿಲೂ ಅದರ ಮೇಲಿನ ಬೂದಿಯೂ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತವೆ. ಪಾದ ಒಂದು ಹೆಜ್ಜೆಯಲ್ಲಿ ಕೆಂಡಕ್ಕೆ ತಾಗೋದು ಒಂದು ಸೆಕೆಂಡಿಗಿಂತ ಕಡಿಮೆ. ಅದೇ ಬಿಸಿಯ ಕಬ್ಬಿಣದ ತಟ್ಟೆಯ ಮೇಲೆ ಯಾರೂ ನಡೆಯಲಾರರು. ಹಾಗಂತ ಕೆಂಡ ಸುಡೋದೇ ಇಲ್ಲ ಅಂತಲ್ಲ. ನಿಧಾನ ಮಾಡಿದರೆ, ಎಡವಿದರೆ, ಬೆರಳ ಸಂದಿಗೆ ಕೆಂಡ ಸಿಕ್ಕಿದರೆ ಖಂಡಿತ ಸುಡುತ್ತೆ.

ಇದನ್ನೆಲ್ಲ ರಜೆಯಲ್ಲಿ ಅಜ್ಜಿಗೆ ಹೇಳಿದೆವು. ಅಜ್ಜಿ ಅಲ್ಲಾಡಲೇ ಇಲ್ಲ. ಒಲೆಯಿಂದ ಉರುಳಿದ ಕೆಂಡವನ್ನು ಅವರು ಐವತ್ತು ವರ್ಷದಿಂದ ಬರಿಗೈಯಲ್ಲೇ ಎತ್ತಿ ಒಳಗೆ ಹಾಕ್ತಿದ್ದಾರಂತೆ, ಬೇಗ ಬಿಟ್ಟರೆ ಸುಡಲ್ಲ ಅನ್ನೋದು ಕಾಲೇಜಿನವರು ಹೇಳಿಕೊಡಬೇಕಾದ ವಿಷಯವೇ ಅಲ್ಲವಂತೆ. ಅವರು ಕೊಂಡ ಹಾಯ್ದಿದ್ದು ಪವಾಡ ನೋಡೋಕಲ್ಲ, ಮಗಳು ಹುಷಾರಾಗಲಿ ಅಂತ ಹೊತ್ತ ಹರಕೆಗೆ. ಅಂದ್ರೆ ಅಜ್ಜಿಯ ನಂಬಿಕೆ ಪವಾಡದ ಮೇಲೆ ನಿಂತೇ ಇರಲಿಲ್ಲ. ಪವಾಡವನ್ನು ಕಿತ್ತು ಹಾಕಿದರೂ ಅದು ಬೀಳಲಿಲ್ಲ.

ಆದರೆ ಆ ಮಾತನ್ನು ಕೇಳಿಸಿಕೊಳ್ಳುತ್ತಾ ಮೂಲೆಯಲ್ಲಿ ಇನ್ನೊಬ್ಬ ಇದ್ದ, ಚಿಕ್ಕಪ್ಪನ ಹತ್ತು ವರ್ಷದ ಮಗ. ಹಿಂದಿನ ಹಬ್ಬದಲ್ಲಿ ಪಕ್ಕದ ಬೀದಿಯವರೊಬ್ಬರ ಕಾಲು ಸುಟ್ಟಿತ್ತು. ಮಡಿಯಲ್ಲಿರಲಿಲ್ಲ, ಏನೋ ತಪ್ಪು ಮಾಡಿದ್ದಾರೆ ಅಂತ ಬೀದಿಯೆಲ್ಲ ಮಾತಾಡಿತ್ತು. ಗಾಯಕ್ಕಿಂತ ಆ ಮಾತೇ ಅವರನ್ನು ಹೆಚ್ಚು ದಿನ ಸುಟ್ಟಿತು. ಈ ಹುಡುಗ ಎದ್ದು ಬಂದು ಒಂದೇ ಪ್ರಶ್ನೆ ಕೇಳಿದ: ಹಾಗಾದ್ರೆ ಅವರು ಪಾಪ ಮಾಡಿದ್ದಕ್ಕೆ ಸುಟ್ಟಿದ್ದಲ್ವಾ? ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಇಲ್ಲ ಅನ್ನುವಂತೆ ತಲೆ ಆಡಿಸಿದರು. ಅಜ್ಜಿ ದೇವರನ್ನು ಬಿಡಲಿಲ್ಲ. ಆದರೆ ಒಬ್ಬ ಮನುಷ್ಯನ ಮೇಲಿದ್ದ ಅಪವಾದ ಆ ಅಡುಗೆಮನೆಯ ಮಟ್ಟಿಗೆ ಇಳಿಯಿತು.

ಎಚ್ಚೆನ್ ಅವರ ಮೂರು ಪತ್ರಗಳನ್ನು ನಾವು ಈಗ ಹೀಗೆ ಓದುತ್ತೇವೆ. ವಿಳಾಸ ಪುಟ್ಟಪರ್ತಿಯದ್ದಾದರೂ ಅವು ತಲುಪಿದ್ದು ಬೆಳಗ್ಗೆ ಕಾಫಿ ಕುಡಿಯುತ್ತಾ ಪೇಪರ್ ಓದಿದವರಿಗೆ. ವಾದ ಮಾಡುವ ಇಬ್ಬರೂ ಬದಲಾಗೋದು ಬಹಳ ಅಪರೂಪ. ಎಲ್ಲರ ಎದುರು ಸೋಲೊಪ್ಪೋಕೆ ಯಾರಿಗೂ ಇಷ್ಟ ಇರಲ್ಲ. ಬದಲಾಗೋದು ಏನಾದರೂ ಇದ್ದರೆ ಅದು ಪಕ್ಕದಲ್ಲಿ ಸುಮ್ಮನೆ ಕೂತು ಕೇಳುವ ಮೂರನೆಯವರಲ್ಲಿ, ಅದೂ ನಿಧಾನವಾಗಿ. ದೊಡ್ಡವರನ್ನೂ ಒಂದು ಪ್ರಶ್ನೆ ಕೇಳಬಹುದು, ಕೇಳಿದರೆ ಆಕಾಶ ಬೀಳಲ್ಲ ಅನ್ನೋದನ್ನು ಅವರು ನೋಡ್ತಾರೆ. ಒಬ್ಬ ಕುಲಪತಿ ಅಷ್ಟು ದೊಡ್ಡವರನ್ನು ಪರೀಕ್ಷೆಗೆ ಕರೆದದ್ದನ್ನು 1976ರಲ್ಲಿ ಸಾವಿರಾರು ವಿದ್ಯಾರ್ಥಿಗಳು ನೋಡಿದರು.

ಇನ್ನೊಂದು ವಿಷಯ ಅವರ ದಾರಿ. ಕೇರಳದಲ್ಲಿ ಹುಟ್ಟಿ ಶ್ರೀಲಂಕಾದಲ್ಲಿ ನೆಲೆಸಿದ್ದ ಅಬ್ರಹಾಂ ಕೋವೂರ್, ಮೋಸವಿಲ್ಲದೆ ಪವಾಡ ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಅಂತ 1963ರಲ್ಲೇ ಸವಾಲು ಹಾಕಿದ್ದರು. ಅದಕ್ಕೂ ಒಂದು ಬೆಲೆ ಇದೆ. ಎಚ್ಚೆನ್ ಹಣ ಕಟ್ಟಲಿಲ್ಲ. ಸಮಿತಿ, ನಿಯಮ, ಪತ್ರ, ಲ್ಯಾಬಿನಲ್ಲಿ ಒಂದು ಪ್ರಯೋಗಕ್ಕೆ ಬೇಕಾದಷ್ಟು ತಯಾರಿ. ನಂಬುವವರನ್ನು ಪೆದ್ದರು ಅಂದುಬಿಟ್ಟರೆ ಆ ಮೂರನೆಯವರೂ ಎದ್ದು ಹೋಗ್ತಾರೆ, ಯಾಕಂದ್ರೆ ಪೆದ್ದರು ಅನಿಸಿಕೊಂಡವರಲ್ಲಿ ಅವರ ಅಮ್ಮನೂ ಇರ್ತಾರೆ.

1984ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಹೋರಾಟದ ಹಾದಿ ಅನ್ನುವ ಆತ್ಮಕಥೆ ಬರೆದರು, ತೆರೆದ ಮನ ಅಂತ ಲೇಖನಗಳ ಪುಸ್ತಕ ತಂದರು. ನ್ಯಾಷನಲ್ ಎಜುಕೇಷನ್ ಸೊಸೈಟಿಯ ಅಧ್ಯಕ್ಷರಾಗಿ ಹಿಂದುಳಿದ ಊರುಗಳಲ್ಲಿ ಶಾಲೆ ಕಾಲೇಜು ಕಟ್ಟಿದರು. ತಾನು ನಡೆದು ಬಂದ ದೂರವನ್ನು ಬೇರೆ ಮಕ್ಕಳು ನಡೆಯಬಾರದು ಅನ್ನುವ ಹಾಗೆ ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ಕಾಲೇಜು ಬಂತು. 2005ರ ಜನವರಿ 31ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಬಿಟ್ಟುಹೋದ ಆಸ್ತಿ ಅಂದ್ರೆ ಆ ಕಾಲೇಜುಗಳು, ಆ ವಿದ್ಯಾರ್ಥಿಗಳು.

ಹಾಗಾಗಿ ಗೆಳೆಯರೇ, ವಾದ ಮಾಡಿ, ಬೇಡ ಅನ್ನಲ್ಲ. ಶುರು ಮಾಡುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಕೇಳ್ತಿರುವ ಪ್ರಶ್ನೆ ಪರೀಕ್ಷಿಸಿ ನೋಡಬಹುದಾದದ್ದಾ? ಮತ್ತೆ, ಪಕ್ಕದಲ್ಲಿ ಯಾರು ಕೇಳಿಸಿಕೊಳ್ತಿದ್ದಾರೆ?